ಎದೆಯೊಳಗಿನ ಮೂರನೆಯ ಸದ್ದು

ಗುಬ್ಬಿ ಕಡೆಯ ತೋಟದ ಮನೆಗಳಲ್ಲಿ ಅಟ್ಟ ಹತ್ತಿ ಕೊಬ್ಬರಿ ಕಾಯಿ ಆರಿಸುವುದನ್ನು ನೋಡಿದವರಿಗೆ ಈ ಕತೆ ಸುಲಭವಾಗಿ ಅರ್ಥವಾದೀತು. ಕಾಯಿ ಅಟ್ಟ ಸೇರಿ ಹತ್ತು ಹನ್ನೊಂದು ತಿಂಗಳಾಗಿರುತ್ತದೆ. ಮನೆಯ ಹಿರಿಯರು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿನ ಸದ್ದು ಬಂದರೆ ಇನ್ನೂ ಆಗಿಲ್ಲ, ಕಾಯಿ ಮತ್ತೆ ಅಟ್ಟದ ಮೂಲೆಗೆ. ಒಳಗಿನ ಉಂಡೆ ಕಳಚಿಕೊಂಡು ಗುಡುಗುಡು ಎಂದರೆ ಕೊಬ್ಬರಿಯಾಗಿದೆ, ಕಾಯಿ ಕೆಳಗೆ. ಒಡೆಯದೆ ಒಳಗಿನದನ್ನು ತಿಳಿಯುವ ಈ ವಿದ್ಯೆಗೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಕಿವಿ ಪಳಗಬೇಕು, ಅಷ್ಟೆ.

ವೈದ್ಯರು ರೋಗಿಯ ಎದೆಗೆ ಕಿವಿಗೊಟ್ಟ ಕತೆಯೂ ಬಹುತೇಕ ಹೀಗೆಯೇ ಶುರುವಾಯಿತು. ಆಸ್ಟ್ರಿಯ ದೇಶದ ಗ್ರಾಜ್ ಪಟ್ಟಣದಲ್ಲಿ ಛತ್ರ ನಡೆಸುತ್ತಿದ್ದವನ ಮಗ ಲಿಯೊಪೋಲ್ಡ್ ಔಎನ್‌ಬ್ರುಗರ್. ಮದ್ಯದ ಪೀಪಾಯಿ ಎಲ್ಲಿಯವರೆಗೆ ತುಂಬಿದೆ ಎಂದು ತಂದೆ ಬೆರಳಿನಿಂದ ತಟ್ಟಿ ನೋಡುತ್ತಿದ್ದುದು ಆತನ ಮನಸ್ಸಿನಲ್ಲಿ ಉಳಿದಿತ್ತು ಎಂಬ ಪ್ರತೀತಿಯಿದೆ. ಮುಂದೆ ವೈದ್ಯನಾದ ಆತ ರೋಗಿಗಳ ಎದೆಯನ್ನೂ ಹಾಗೆಯೇ ತಟ್ಟಿ, ನೀರು ತುಂಬಿದೆಯೇ ಇಲ್ಲವೇ ಎಂದು ಹೇಳತೊಡಗಿದ. 1761ರಲ್ಲಿ ಪುಸ್ತಕವನ್ನೂ ಬರೆದ. ಹೆಚ್ಚಿನವರು ಅದನ್ನು ಗಮನಿಸಲಿಲ್ಲ. ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ 1808ರಲ್ಲಿ ಅದನ್ನು ಫ್ರೆಂಚಿಗೆ ತಂದ ಮೇಲೆಯೇ ಲೋಕದ ಕಣ್ಣು ಅತ್ತ ಬಿದ್ದದ್ದು. ಆ ಕೊರ್ವಿಸಾರ್‌ನ ಶಿಷ್ಯನೇ ರೆನೆ ಲೆನೆಕ್.

1816ರಲ್ಲಿ ಪ್ಯಾರಿಸ್ಸಿನಲ್ಲಿ ಲೆನೆಕ್ ಒಬ್ಬ ಹರೆಯದ ಹೆಂಗಸನ್ನು ಪರೀಕ್ಷಿಸಬೇಕಾಗಿ ಬಂತು. ಆಕೆಗೆ ಹೃದಯದ ಕಾಯಿಲೆಯ ಲಕ್ಷಣಗಳಿದ್ದವು. ಸ್ಥೂಲಕಾಯವಾದ್ದರಿಂದ ತಟ್ಟಿ ನೋಡಿದರೂ ಏನೂ ಗೊತ್ತಾಗುತ್ತಿರಲಿಲ್ಲ. ಎದೆಗೆ ನೇರವಾಗಿ ಕಿವಿ ಇಡುವುದು ಸಭ್ಯತೆಯಲ್ಲ. ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಕೆರೆದರೆ ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಅದು ಸ್ಪಷ್ಟವಾಗಿ ಕೇಳಿಸುವುದು ಲೆನೆಕ್‌ಗೆ ಆಗ ನೆನಪಾಯಿತು. ಒಂದಷ್ಟು ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ಆಕೆಯ ಎದೆಗಿಟ್ಟ. ಬರಿಗಿವಿಗೆ ಕೇಳಿಸುವುದಕ್ಕಿಂತ ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು. ಆಮೇಲೆ ಕಾಗದ ಹೋಗಿ ಮರದ ಕೊಳವೆ ಬಂತು. 1819ರಲ್ಲಿ ಆತನ ದೊಡ್ಡ ಗ್ರಂಥ ಹೊರಬಂತು. ಎರಡೂ ಕಿವಿಗೆ ಸಿಕ್ಕಿಸುವ, ಈಗ ನಾವು ಕಾಣುವಂಥ ಸ್ಟೆತಾಸ್ಕೋಪನ್ನು ನ್ಯೂಯಾರ್ಕಿನ ಜಾರ್ಜ್ ಕ್ಯಾಮನ್ ರೂಪಿಸಿದ್ದು 1852ರಲ್ಲಿ.

ಲೆನೆಕ್‌ನ ಕಿವಿ ಚುರುಕಾಗಿತ್ತು, ಆದರೆ ಅರ್ಥ ಹೇಳುವಲ್ಲಿ ಒಮ್ಮೆ ಎಡವಿದ. ಹೃದಯದ ‘ಲಬ್ ಡಬ್’ ಎಂಬ ಎರಡು ಸದ್ದುಗಳಲ್ಲಿ ಎರಡನೆಯದು ಮೇಲಿನ ಕೋಣೆಗಳು ಕುಗ್ಗುವ ಸದ್ದು ಎಂದು ಬರೆದ. ಅದು ತಪ್ಪು. ಕವಾಟಗಳು ಮುಚ್ಚಿಕೊಳ್ಳುವುದರಿಂದ ಹುಟ್ಟುವ ಸದ್ದುಗಳು ಇವು. ಕೆಳಗಿನ ಕೋಣೆಗಳು ರಕ್ತವನ್ನು ಹೊರದೂಡಲು ಶುರುಮಾಡಿದಾಗ ‘ಲಬ್’, ದೂಡಿ ಮುಗಿದಾಗ ‘ಡಬ್’. ಕಿವಿ ಸರಿಯಾಗಿ ಕೇಳಿದ್ದನ್ನು ತಲೆ ತಪ್ಪಾಗಿ ತಿಳಿಯಬಹುದು ಎಂಬುದಕ್ಕೆ ಸ್ಟೆತಾಸ್ಕೋಪು ಹುಟ್ಟಿಸಿದವನೇ ಮೊದಲ ಸಾಕ್ಷಿ.

ಈಗ ತೊಡಕಿನ ಮಾತಿಗೆ ಬರೋಣ. ಸೋರುವ ಕವಾಟ, ಕಿರಿದಾದ ಕವಾಟ, ಮಕ್ಕಳ ಹೃದಯದಲ್ಲಿ ಹುಟ್ಟಿನಿಂದಲೇ ಇರುವ ತೂತು — ಇವುಗಳನ್ನು ಕಿವಿ ಹಿಡಿಯುತ್ತದೆ. ಆದರೆ ಇಂದು ನಮ್ಮನ್ನು ಹೆದರಿಸುವ ಹೃದಯಾಘಾತದ ಮೂಲ ಬೇರೆ ಕಡೆ ಇದೆ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕರೊನರಿ ನಾಳಗಳಲ್ಲಿ ಕೊಬ್ಬು ಕಟ್ಟಿ, ದಾರಿ ಕಿರಿದಾಗುತ್ತ ಬರುವುದು ಆ ಕಾಯಿಲೆ. ದೊಡ್ಡ ನಾಳವೇ ಮೂರು ನಾಲ್ಕು ಮಿಲಿಮೀಟರ್ ಅಗಲ. ಕಿರಿದಾದ ಜಾಗದಲ್ಲಿ ರಕ್ತ ಸುಳಿಸುತ್ತಿ ಹರಿಯುವಾಗ ಸದ್ದು ಹುಟ್ಟುವುದು ನಿಜ. ಆದರೆ ಬೋರ್‌ವೆಲ್ ಮೋಟರು ಓಡುತ್ತಿರುವಾಗ ಪಕ್ಕದ ಡ್ರಿಪ್ ಪೈಪಿನಲ್ಲಿ ನೀರು ಸಿಕ್ಕಿಕೊಂಡ ಸದ್ದು ಯಾರಿಗೆ ಕೇಳಿಸೀತು? ಇಲ್ಲಿಯೂ ಅಷ್ಟೆ. ಲಂಡನ್ನಿನ ವಿಲಿಯಂ ಹೆಬರ್ಡನ್ 1768ರಲ್ಲಿಯೇ ಈ ಎದೆನೋವನ್ನು ವರ್ಣಿಸಿದ್ದ: ಏರು ಹತ್ತುವಾಗ, ಅದರಲ್ಲೂ ಊಟವಾದ ಮೇಲೆ ನಡೆದಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಹೋಗುತ್ತದೆ. ಆತ ಅದನ್ನು ಗುರುತಿಸಿದ್ದು ರೋಗಿಗಳ ಮಾತು ಕೇಳಿ, ಎದೆಯ ಸದ್ದು ಕೇಳಿ ಅಲ್ಲ.

ಕುಣಿಗಲ್ಲಿನ ನನ್ನ ಸೋದರಮಾವನ ವಿಷಯದಲ್ಲಿ ಇದೇ ಆಯಿತು. ರಾತ್ರಿ ಊಟವಾದ ಮೇಲೆ ಎದೆ ಬಿಗಿದು ಬೆವರು ಕಿತ್ತುಕೊಂಡಿತು. ಹತ್ತಿರದ ವೈದ್ಯರೊಬ್ಬರು ಸ್ಟೆತಾಸ್ಕೋಪು ಇಟ್ಟು ಎರಡು ನಿಮಿಷ ಕೇಳಿ, ‘ಏನಿಲ್ಲ ಕಣ್ರೀ, ಎದೆ ಚೆನ್ನಾಗಿ ಬಡ್ಕೊಳ್ತಾ ಇದೆ, ಗ್ಯಾಸು’ ಎಂದರು. ಮನೆಯವರಿಗೆಲ್ಲ ಸಮಾಧಾನ. ಸುಳ್ಳೇನೂ ಅಲ್ಲ, ಎದೆ ಚೆನ್ನಾಗಿಯೇ ಬಡಿದುಕೊಳ್ಳುತ್ತಿತ್ತು. ಮುಚ್ಚುತ್ತಿದ್ದುದು ಕವಾಟವಲ್ಲ, ನಾಳ. ಬೆಳಿಗ್ಗೆ ತುಮಕೂರಿಗೆ ಕರೆದುಕೊಂಡು ಹೋಗಿ ಇ.ಸಿ.ಜಿ. ತೆಗೆಸಿದಾಗಲೇ ಹೃದಯಾಘಾತವೆಂದು ಗೊತ್ತಾದದ್ದು.

ಹಾಗಾದರೆ ಈ ಕಾಯಿಲೆಯಲ್ಲಿ ಕಿವಿಗೆ ಕೆಲಸವೇ ಇಲ್ಲವೇ? ಇದೆ. ನಾಳ ಕಟ್ಟಿದೆಯೇ ಎಂಬುದನ್ನು ಅದು ಹೇಳಲಾರದು. ಕಟ್ಟಿದ್ದರಿಂದ ಹೃದಯ ಎಷ್ಟು ಸೋತಿದೆ ಎಂಬುದನ್ನು ಹೇಳಬಲ್ಲುದು. ಇದಕ್ಕೆ ನೆರವಾಗುವುದು ಮೂರನೆಯ ಒಂದು ಸದ್ದು.

ಕುದುರೆ ಫಾರಂ ಇರುವ ಕುಣಿಗಲ್ಲಿನವರಿಗೆ ಈ ಸದ್ದಿನ ಹೆಸರು ಇಷ್ಟವಾದೀತು. ಫ್ರೆಂಚ್ ವೈದ್ಯ ಬುಯೋ ಇದನ್ನು ‘ಕುದುರೆ ಓಟದ ಸದ್ದು’ ಎಂದ. 1870ರ ದಶಕದಲ್ಲಿ ಪೋತೇನ್ ಎಂಬಾತ ಇದನ್ನು ವಿವರವಾಗಿ ವರ್ಣಿಸಿದ. ಇಂದಿಗೂ ವೈದ್ಯರು ‘ಗ್ಯಾಲಪ್’ ಎಂದೇ ಕರೆಯುತ್ತಾರೆ. ಎರಡು ಪೆಟ್ಟಿನ ‘ಲಬ್ ಡಬ್’ ಹೋಗಿ ಮೂರು ಪೆಟ್ಟು ಕೇಳುತ್ತದೆ. ತಾಳಜ್ಞಾನವಿರುವವರಿಗೆ ‘ತಕಿಟ ತಕಿಟ’ ಎಂದರೆ ಬೇಗ ಹೊಳೆಯುತ್ತದೆ. ‘ಡಬ್’ ಆದ ಕ್ಷಣಾರ್ಧದಲ್ಲಿ, ಮೇಲಿನ ಕೋಣೆಯಿಂದ ರಕ್ತ ಕೆಳಗಿನ ಕೋಣೆಗೆ ರಭಸದಿಂದ ನುಗ್ಗುವಾಗ ಹುಟ್ಟುವ ಮಂದವಾದ ಸದ್ದು ಇದು. ಮಕ್ಕಳಲ್ಲಿ, ಯುವಕರಲ್ಲಿ, ಬಸುರಿಯರಲ್ಲಿ ಇದು ಕೇಳಿಸಿದರೆ ಹೆದರಬೇಕಿಲ್ಲ. ನಲವತ್ತು ದಾಟಿದವರಲ್ಲಿ ಕೇಳಿಸಿದರೆ ಕೆಳಗಿನ ಕೋಣೆ ಹಿಗ್ಗಿ ಸುಸ್ತಾಗಿದೆ ಎಂಬ ಅನುಮಾನ ಬರಬೇಕು. ತೀರ ಮೆಲುದನಿ, ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಸದ್ದಿಲ್ಲದ ಕೋಣೆಯಲ್ಲಿ ತಾಳ್ಮೆಯಿಂದ ಕೇಳಬೇಕು. ನಮ್ಮ ಹೊರರೋಗಿ ವಿಭಾಗಗಳ ಸಂತೆಯಲ್ಲಿ ಅದು ಎಷ್ಟು ಸಾಧ್ಯ ಎಂಬುದು ಬೇರೆ ಮಾತು.

ಈ ಸದ್ದಿನ ಬೆಲೆಯನ್ನು ಲೆಕ್ಕಕ್ಕಿಳಿಸಿದ್ದು 1967ರಲ್ಲಿ. ನ್ಯೂಯಾರ್ಕಿನ ಥಾಮಸ್ ಕಿಲ್ಲಿಪ್ ಮತ್ತು ಜಾನ್ ಕಿಂಬಲ್ ಹೃದಯಾಘಾತವಾದ 250 ಮಂದಿಯನ್ನು ನಾಲ್ಕು ಗುಂಪು ಮಾಡಿದರು. ಹೃದಯ ಸೋತ ಗುರುತೇ ಇಲ್ಲದವರು ಮೊದಲ ಗುಂಪು. ಮೂರನೆಯ ಸದ್ದು, ಶ್ವಾಸಕೋಶದ ಬುಡದಲ್ಲಿ ನೀರಿನ ಸರಸರ — ಇವು ಕೇಳಿಸಿದವರು ಎರಡನೆಯದು. ಶ್ವಾಸಕೋಶದ ತುಂಬ ನೀರು ಕಟ್ಟಿದವರು ಮೂರನೆಯದು. ರಕ್ತದೊತ್ತಡ ಕುಸಿದು ಮೈ ತಣ್ಣಗಾದವರು ಕೊನೆಯದು. ಆಸ್ಪತ್ರೆಯಲ್ಲಿ ಸತ್ತವರ ಪ್ರಮಾಣ ಕ್ರಮವಾಗಿ ನೂರಕ್ಕೆ 6, 17, 38, 81. ಮೊದಲ ಗುಂಪಿಗೂ ಎರಡನೆಯದಕ್ಕೂ ನಡುವಿನ ಗೆರೆಯನ್ನು ಎಳೆದದ್ದು ಸ್ಟೆತಾಸ್ಕೋಪು ಎಂಬುದನ್ನು ಗಮನಿಸಬೇಕು. ಚಿಕಿತ್ಸೆ ಸುಧಾರಿಸಿ ಈಗ ಸಾವು ಇಳಿದಿದೆ, ಆದರೆ ಆ ನಾಲ್ಕು ಮೆಟ್ಟಿಲು ಇಂದಿಗೂ ಬಳಕೆಯಲ್ಲಿವೆ.

ಹತ್ತು ವರ್ಷದ ನಂತರ, 1977ರಲ್ಲಿ, ಲೀ ಗೋಲ್ಡ್‌ಮನ್ ಮತ್ತು ಸಂಗಡಿಗರು ಇನ್ನೊಂದು ಪಟ್ಟಿ ಮಾಡಿದರು. ಹೃದಯಕ್ಕೆ ಸಂಬಂಧಿಸದ ಶಸ್ತ್ರಚಿಕಿತ್ಸೆಗೆ ಹೋಗುವ ರೋಗಿಗೆ ಹೃದಯದ ಅಪಾಯ ಎಷ್ಟು? ಸಾವಿರದೊಂದು ಮಂದಿಯನ್ನು ನೋಡಿ ಒಂಬತ್ತು ಅಂಶಗಳಿಗೆ ಅಂಕ ಕೊಟ್ಟರು. ಆರು ತಿಂಗಳೊಳಗೆ ಹೃದಯಾಘಾತ ಆಗಿದ್ದರೆ 10 ಅಂಕ. ಮೂರನೆಯ ಸದ್ದು ಕೇಳಿಸಿದರೆ, ಇಲ್ಲವೇ ಕತ್ತಿನ ರಕ್ತನಾಳ ಉಬ್ಬಿದ್ದರೆ 11. ಅದೇ ಎಲ್ಲಕ್ಕಿಂತ ಹೆಚ್ಚು. 1999ರಲ್ಲಿ ಪಟ್ಟಿ ಪರಿಷ್ಕಾರವಾದಾಗ ಸದ್ದಿಗೆ ಪ್ರತ್ಯೇಕ ಅಂಕ ಉಳಿಯಲಿಲ್ಲ. ಹೃದಯ ವೈಫಲ್ಯದ ಗುರುತುಗಳಲ್ಲಿ ಒಂದಾಗಿ ಒಳಗೆ ಸೇರಿಕೊಂಡಿತು. ಅಷ್ಟರಲ್ಲಿ ಎಕೊ ಯಂತ್ರ ಬಂದು ಹೃದಯವನ್ನು ಪರದೆಯ ಮೇಲೆ ತೋರಿಸತೊಡಗಿತ್ತು.

ನಾಳದ ಸದ್ದನ್ನೇ ಕೇಳುವ ಆಸೆ ಮಾತ್ರ ಯಾರಿಗೂ ಬಿಟ್ಟಿರಲಿಲ್ಲ. ಅದೇ 1967ರಲ್ಲಿ ವಿಲಿಯಂ ಡಾಕ್ ಮತ್ತು ಸ್ಯಾಮ್ಯುಯೆಲ್ ಜೋನರೈಚ್ ಕಿರಿದಾದ ಕರೊನರಿ ನಾಳದಿಂದಲೇ ಬರುತ್ತಿದ್ದ ಮರ್ಮರವನ್ನು ಕೇಳಿದುದಾಗಿ ವರದಿ ಮಾಡಿದರು. ಅಂಥದ್ದು ತೀರ ಅಪರೂಪ. ಹೃದಯ ಸಡಿಲಗೊಂಡು ವಿಶ್ರಮಿಸುವ ಗಳಿಗೆಯಲ್ಲಿಯೇ ಎಡ ಕರೊನರಿ ನಾಳದಲ್ಲಿ ರಕ್ತ ಹೆಚ್ಚು ಹರಿಯುವುದರಿಂದ, ಆ ಸಂದಿಯಲ್ಲಿ ಹುಡುಕಿದರೆ ಸುಳಿವು ಸಿಗಬಹುದು ಎಂಬ ಲೆಕ್ಕಾಚಾರ ಹಲವು ದಶಕ ನಡೆಯಿತು. ಕಂಪ್ಯೂಟರು ಬಂದ ಮೇಲೆ ಅದಕ್ಕೆ ಜೀವ ಬಂತು. ಡೆನ್ಮಾರ್ಕಿನಲ್ಲಿ ರೂಪುಗೊಂಡ ಒಂದು ಉಪಕರಣವನ್ನು ಎದೆಗೆ ಅಂಟಿಸಿ, ರೋಗಿ ಉಸಿರು ಬಿಗಿಹಿಡಿದಾಗ ಸದ್ದು ದಾಖಲಿಸಿ ಅಂಕ ಕೊಡುತ್ತಾರೆ. ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಡೇನಿಷ್ ಅಧ್ಯಯನದ ವರದಿ 2018ರಲ್ಲಿ ಪ್ರಕಟವಾಯಿತು. ಕಡಿಮೆ ಅಂಕ ಬಂದ ನೂರು ಮಂದಿಯಲ್ಲಿ ಸುಮಾರು 96 ಮಂದಿಗೆ ಗಂಭೀರ ಅಡಚಣೆ ಇರಲಿಲ್ಲ. ಹೆಚ್ಚು ಅಂಕ ಬಂದವರ ಕತೆ ಅಷ್ಟು ಸರಳವಲ್ಲ. ಅವರಲ್ಲಿಯೂ ಬಹುಪಾಲು ಮಂದಿಗೆ ಅಡಚಣೆ ಇರಲಿಲ್ಲ. ಎಂದರೆ ಯಂತ್ರದ ಕಿವಿ ‘ನಿನಗೆ ಕಾಯಿಲೆ ಇದೆ’ ಎನ್ನುವುದಕ್ಕಿಂತ ‘ಬಹುಶಃ ಇಲ್ಲ’ ಎನ್ನುವುದರಲ್ಲಿ ಜಾಣ. ಅಮೆರಿಕದ ನಿಯಂತ್ರಕರು ಇದಕ್ಕೆ 2020ರಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ. ಆದರೆ ಇದು ಸಮಾಧಾನವಾಗಿರುವ ರೋಗಿಗಳಿಗೆ. ನಡುರಾತ್ರಿ ಬೆವರುತ್ತಿರುವವನಿಗೆ ಇದನ್ನು ಅಂಟಿಸುತ್ತ ಕೂರುವಂತಿಲ್ಲ.

ಬೆವರುತ್ತಿರುವವನಿಗೆ ಬೇಕಾದುದು ಇ.ಸಿ.ಜಿ. ಮತ್ತು ಸಮಯ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿನಲ್ಲಿ, ಉಳಿದೆಡೆಯವರಿಗೆ 59ರ ಹತ್ತಿರ ಎಂದು 2007ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ಹೇಳಿತು. ದುಡಿಯುವ ವಯಸ್ಸಿನಲ್ಲಿಯೇ ಬರುವ ಕಾಯಿಲೆ. ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರ್, ಅಲ್ಲಿಂದ ಬೆಂಗಳೂರಿಗೆ ಇನ್ನೂ ಎಪ್ಪತ್ತು. ಪುನೀತ್ ರಾಜ್‌ಕುಮಾರ್ 2021ರಲ್ಲಿ ಹೃದಯಾಘಾತದಿಂದ ತೀರಿಕೊಂಡ ಬಳಿಕ, 2023ರಲ್ಲಿ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದದ್ದು ಈ ದೂರವನ್ನು ಕಡಿಮೆ ಮಾಡಲೆಂದೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳಿದರೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ.

ಮಾವನ ಕತೆ ಪೂರ್ತಿಯಾಗಲಿಲ್ಲ. ತುಮಕೂರಿನಲ್ಲಿ ಸೇರಿಸಿದ ಎರಡನೆಯ ದಿನ ವಯಸ್ಸಾದ ವೈದ್ಯರೊಬ್ಬರು ಬಂದು, ಅವರನ್ನು ಎಡಕ್ಕೆ ಹೊರಳಿಸಿ, ಫ್ಯಾನು ಆರಿಸಿ, ಮಾತಾಡುತ್ತಿದ್ದ ನಮ್ಮನ್ನು ಗದರಿ, ಬಹಳ ಹೊತ್ತು ಕೇಳಿದರು. ಅಲ್ಲಿಯವರೆಗೆ ಎಲ್ಲರೂ ‘ಪರವಾಗಿಲ್ಲ’ ಎನ್ನುತ್ತಿದ್ದರು. ಅವರು ಮಾತ್ರ, ‘ಮೂರು ಕೇಳ್ತಾ ಇದೆ. ಇಲ್ಲಿ ಇಟ್ಕೊಳ್ಳೋದು ಬೇಡ, ಈಗಲೇ ಬೆಂಗಳೂರಿಗೆ ಹೊರಡಿ’ ಎಂದರು. ಹೊರಟೆವು. ಮಾವ ಉಳಿದರು. ಈಗಲೂ ತಪಾಸಣೆಗೆ ಹೋದಾಗ, ವೈದ್ಯರು ಸ್ಟೆತಾಸ್ಕೋಪು ತೆಗೆಯುವುದನ್ನೇ ಕಾದಿದ್ದು ಕೇಳುತ್ತಾರೆ: ‘ಎಷ್ಟು ಕೇಳಿಸ್ತು ಸಾರ್, ಎರಡೋ ಮೂರೋ?’