ನೋಡದ ಮೈದಾನಕ್ಕೊಂದು ವಿದಾಯ

ಚನ್ನಗಿರಿಯ ಹತ್ತಿರದ ಹಳ್ಳಿಯೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ಹಿರಿಯರೊಬ್ಬರು ಬೆಂಗಳೂರಿನ ಕ್ರಿಕೆಟ್ ಮೈದಾನವನ್ನು ಇವತ್ತಿಗೂ 'ಕೆಎಸ್‌ಸಿಎ ಸ್ಟೇಡಿಯಂ' ಎಂದೇ ಕರೆಯುತ್ತಾರೆ. ಚಿನ್ನಸ್ವಾಮಿ ಎಂಬ ಹೆಸರು ಅವರ ಬಾಯಿಗೆ ಬರುವುದಿಲ್ಲ. 1974ರ ನವೆಂಬರ್‌ನಲ್ಲಿ ಅವರು ಅಲ್ಲಿಗೆ ಹೋದಾಗ ಅದಕ್ಕಿನ್ನೂ ಆ ಹೆಸರು ಬಂದಿರಲಿಲ್ಲ. ಆಮೇಲೆ ಅವರು ಅಲ್ಲಿಗೆ ಹೋಗಿಯೇ ಇಲ್ಲ. "ನೋಡಿದ್ದು ಒಂದೇ ಸಲ ಕಣಮ್ಮ. ಆದ್ರೆ ಐವತ್ತು ವರ್ಷದಿಂದ ಅಲ್ಲೇ ಕೂತಿದೀನಿ" ಎಂದು ಅವರು ನಡುಮನೆಯ ಗೂಡಿನಲ್ಲಿದ್ದ, ಈಗ ಹಾಡದ ರೇಡಿಯೊ ತೋರಿಸಿದರು.

ಮಧ್ಯ ಕರ್ನಾಟಕದ ಸಣ್ಣ ಊರುಗಳಲ್ಲಿ ಜನ ರೇಡಿಯೊ ಹೇಗೆ ಕೇಳುತ್ತಿದ್ದರು ಎಂಬುದು ನನ್ನ ಸಂಶೋಧನೆಯ ವಿಷಯ. ಅದಕ್ಕಾಗಿ ಎರಡು ವರ್ಷಗಳಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸುತ್ತುತ್ತಿದ್ದೇನೆ. ನನ್ನ ಪ್ರಶ್ನೆಗಳೆಲ್ಲ ಕೃಷಿ ಕಾರ್ಯಕ್ರಮ, ಚಿತ್ರಗೀತೆ, ಪ್ರದೇಶ ಸಮಾಚಾರಗಳ ಮೇಲಿರುತ್ತವೆ. ಅರವತ್ತು ದಾಟಿದ ಗಂಡಸರು ಹತ್ತು ನಿಮಿಷಕ್ಕೆಲ್ಲ ಮಾತನ್ನು ಕ್ರಿಕೆಟ್ ಕಾಮೆಂಟರಿಗೆ ತಿರುಗಿಸುತ್ತಾರೆ. ಮೊದಮೊದಲು ಇದು ನನಗೆ ಕಿರಿಕಿರಿಯಾಗುತ್ತಿತ್ತು. ಈಚೆಗೆ, ಆ ಮೈದಾನವನ್ನೇ ಬಿಟ್ಟು ಬೇರೆ ಕಡೆ ಹೋಗುವ ಮಾತು ಎದ್ದ ಮೇಲೆ, ನನ್ನ ಟಿಪ್ಪಣಿ ಪುಸ್ತಕದ ಆ ಪುಟಗಳನ್ನೇ ಮತ್ತೆ ಮತ್ತೆ ತೆರೆಯುತ್ತಿದ್ದೇನೆ.

ಬೆಂಗಳೂರಿನ ಕ್ರಿಕೆಟ್ಟು ಮೈದಾನ ಬಿಟ್ಟು ಹೋಗುವ ಮಾತು ಇದೇ ಮೊದಲಲ್ಲ. ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷವೇ ರಣಜಿ ಟ್ರೋಫಿ ಶುರುವಾಯಿತು. 1934ರ ನವೆಂಬರ್ 4ರಂದು ನಡೆದ ಮೊಟ್ಟಮೊದಲ ಪಂದ್ಯದಲ್ಲೇ ಮೈಸೂರು ತಂಡ ಮದರಾಸಿನ ಚೆಪಾಕ್‌ನಲ್ಲಿ ಆಡಿ, 48 ಮತ್ತು 59 ರನ್ನಿಗೆ ಆಲೌಟಾಗಿ, ಒಂದೇ ದಿನದಲ್ಲಿ ಸೋತು ಬಂತು. ಹಾಗೆ ಶುರುವಾದ ತಂಡಕ್ಕೆ ಬೆಂಗಳೂರಿನಲ್ಲಿ ನೆಲೆಯಾಗಿದ್ದು ಸೆಂಟ್ರಲ್ ಕಾಲೇಜಿನ ಮೈದಾನ. ಮೈಸೂರು ತಂಡ 1941-42ರಲ್ಲಿ, ಮತ್ತೆ 1959-60ರಲ್ಲಿ ರಣಜಿ ಫೈನಲ್ ತಲುಪಿ ಎರಡು ಸಲವೂ ಬಾಂಬೆಗೆ ಸೋತ ಕಾಲವೆಲ್ಲ ಆ ಮೈದಾನದ ಕಾಲವೇ. ಪ್ರಸನ್ನ, ಚಂದ್ರಶೇಖರ್ ಮೊದಲ ಹೆಸರು ಮಾಡಿದ ದಿನಗಳೂ ಅವೇ.

ಆದರೆ ಅದು ಕಾಲೇಜಿನ ಸ್ವತ್ತು. ಸಂಸ್ಥೆ ಅಲ್ಲಿ ಅತಿಥಿ. ಮದರಾಸು, ಬಾಂಬೆ, ಕಲ್ಕತ್ತಾ, ದೆಹಲಿ ಇರಲಿ, ಕಾನ್ಪುರ ಮತ್ತು ಹೈದರಾಬಾದಿಗೂ 1950ರ ದಶಕದಲ್ಲೇ ಟೆಸ್ಟ್ ಪಂದ್ಯ ಸಿಕ್ಕಿತ್ತು; ಬೆಂಗಳೂರಿಗೆ ಸಿಕ್ಕಿರಲಿಲ್ಲ. ಸ್ವಂತ ಮೈದಾನ ಬೇಕು ಎಂದು ಹಟ ಹಿಡಿದವರು ಮಂಡ್ಯ ಮೂಲದ ವಕೀಲ, ಮುಂದೆ 1977ರಿಂದ 1980ರವರೆಗೆ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾದ ಎಂ. ಚಿನ್ನಸ್ವಾಮಿ. ಕಬ್ಬನ್ ಪಾರ್ಕಿನ ಪಕ್ಕದ ಜಾಗದಲ್ಲಿ 1969ರಲ್ಲಿ ಅಡಿಗಲ್ಲು ಬಿತ್ತು. 1972-73ರ ಹೊತ್ತಿಗೆ ಅಲ್ಲಿ ಪ್ರಥಮ ದರ್ಜೆಯ ಆಟ ಶುರುವಾಯಿತು. ಸೆಂಟ್ರಲ್ ಕಾಲೇಜಿನ ಮೈದಾನಕ್ಕೆ ಯಾರಾದರೂ ನಿಂತು ವಿದಾಯ ಹೇಳಿದರೇ ಎಂದು ನಾನು ಮಾತನಾಡಿಸಿದ ಹಿರಿಯರನ್ನೆಲ್ಲ ಕೇಳಿದ್ದೇನೆ. ಎಲ್ಲರೂ ನಕ್ಕರು. ಹೊಸ ಮನೆಯ ಗೃಹಪ್ರವೇಶದ ಸಡಗರದಲ್ಲಿ ಬಾಡಿಗೆ ಮನೆಯನ್ನು ಯಾರು ತಿರುಗಿ ನೋಡುತ್ತಾರೆ?

ಹೊಸ ಮನೆಯ ಕಾಲ್ಗುಣವೂ ಹಾಗಿತ್ತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು, ತಂಡದ ಹೆಸರೂ ಬದಲಾಯಿತು. ಹೊಸ ಹೆಸರಿನ ಆ ಮೊದಲ ಋತುವಿನಲ್ಲೇ, 1974ರ ಮಾರ್ಚ್‌ನಲ್ಲಿ, ಸೆಮಿಫೈನಲ್ ಆಡಲು ಬಾಂಬೆ ತಂಡ ಹೊಸ ಮೈದಾನಕ್ಕೆ ಬಂತು. ಅದು 1958-59ರಿಂದ ಸತತ 15 ವರ್ಷ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಡದಿದ್ದ ತಂಡ. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ 106. ಗವಾಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಓಡುವಾಗ ಜಾರಿ ಬಿದ್ದು ರನೌಟಾದರು. ಮೊದಲ ಇನ್ನಿಂಗ್ಸಿನ ಮುನ್ನಡೆಯಲ್ಲಿ ಕರ್ನಾಟಕ ಫೈನಲ್ಲಿಗೆ ಹೋಗಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ಗೆದ್ದಿತು.

ಈ ಸೆಮಿಫೈನಲ್ಲನ್ನು ಹೊನ್ನಾಳಿಯ ನಿವೃತ್ತ ಮೇಷ್ಟ್ರೊಬ್ಬರು ಬೇರೆಯೇ ಹೆಮ್ಮೆಯಿಂದ ಹೇಳಿದರು. "ಆವಾಗ ನಾವು ಶಿವಮೊಗ್ಗ ಜಿಲ್ಲೆಯೋರು. ವಿಶ್ವನಾಥ್ ಹುಟ್ಟಿದ್ದು ಭದ್ರಾವತೀಲಿ. ಅಂದ್ರೆ ನಮ್ಮ ಜಿಲ್ಲೆ ಹುಡುಗ ಬಾಂಬೇನ ಹೊಡೆದ." ಚರಿತ್ರೆಯ ವಿದ್ಯಾರ್ಥಿಯಾಗಿಯೂ ನನಗೆ ಇದು ಹೊಳೆದಿರಲಿಲ್ಲ. ಇವತ್ತು ದಾವಣಗೆರೆ ಜಿಲ್ಲೆ ಎಂದು ನಾವು ಕರೆಯುವುದು 1997ರ ಆಗಸ್ಟ್‌ನಲ್ಲಿ ಆದದ್ದು. ಅದಕ್ಕೂ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯ ಭಾಗವಾಗಿದ್ದು, ತಾಲ್ಲೂಕಾದದ್ದು 2018ರ ಈಚೆಗೆ. ವಿಶ್ವನಾಥ್ ಬೆಳೆದದ್ದು ಬೆಂಗಳೂರಿನಲ್ಲೇ ಆದರೂ ಮೇಷ್ಟ್ರ ಲೆಕ್ಕದಲ್ಲಿ ಅವರು ಭದ್ರಾವತಿಯವರೇ. ಭದ್ರಾವತಿ ಎಂದರೆ ಆಕಾಶವಾಣಿಯ ಊರು ಕೂಡ. 1965ರಲ್ಲಿ ಅಲ್ಲಿ ಕೇಂದ್ರ ಶುರುವಾಗಿತ್ತು. ಆಟಗಾರ ಹುಟ್ಟಿದ ಊರೂ ರೇಡಿಯೊದಲ್ಲಿ ಕೇಳುವ ಊರೂ ಒಂದೇ ಆದಾಗ, 260 ಕಿಲೋಮೀಟರ್ ಆಚೆಯ ಸ್ಟೇಡಿಯಂ ಊರ ಹಿಂದಿನ ಬಯಲಿನಷ್ಟೇ ಹತ್ತಿರ ಬಂದಿರಬೇಕು.

ಚನ್ನಗಿರಿಯ ಹಿರಿಯರು ನೋಡಿದ್ದು ಅದೇ ವರ್ಷದ ಕೊನೆಗೆ ನಡೆದ, ಬೆಂಗಳೂರಿನ ಮೊದಲ ಟೆಸ್ಟ್. 1974ರ ನವೆಂಬರ್ 22ಕ್ಕೆ ಶುರುವಾದದ್ದು. ಎದುರಾಳಿ ವೆಸ್ಟ್ ಇಂಡೀಸ್. ಅಡಿಕೆ ಮಾರಿದ ದುಡ್ಡಿನಲ್ಲಿ ಸ್ವಲ್ಪ ಎತ್ತಿಟ್ಟುಕೊಂಡು, ಮನೆಯಲ್ಲಿ ಸೊಸೈಟಿ ಕೆಲಸವಿದೆ ಎಂದು ಹೇಳಿ, ರಾತ್ರಿ ರೈಲು ಹತ್ತಿ ಹೋಗಿದ್ದರಂತೆ. ಗ್ರೀನಿಜ್ ಮತ್ತು ರಿಚರ್ಡ್ಸ್ ಇಬ್ಬರಿಗೂ ಅದು ಮೊದಲ ಟೆಸ್ಟ್. ಗ್ರೀನಿಜ್ 93 ಮತ್ತು 107 ಹೊಡೆದರು, ನಾಯಕ ಲಾಯ್ಡ್ 163. ಭಾರತ 267 ರನ್ನಿನಿಂದ ಸೋತಿತು. ಅವರಿಗೆ ಆ ಸೋಲಿನ ನೆನಪೇ ಇಲ್ಲ. ಎರಡೂ ಇನ್ನಿಂಗ್ಸಿನಲ್ಲಿ ರಿಚರ್ಡ್ಸ್‌ರನ್ನು 4 ಮತ್ತು 3 ರನ್ನಿಗೆ ಚಂದ್ರಶೇಖರ್ ಔಟ್ ಮಾಡಿದ್ದು ಮಾತ್ರ ನೆನಪಿದೆ. "ಆಮೇಲೆ ಆ ರಿಚರ್ಡ್ಸು ಲೋಕಾನೇ ಹೊಡೆದು ಹಾಕ್ದ. ನಮ್ ಚಂದ್ರನ ಕೈಯಲ್ಲಿ ಏನೂ ನಡೀಲಿಲ್ಲ ನೋಡಮ್ಮ" ಎನ್ನುವಾಗ ಅವರ ಮುಖದಲ್ಲಿ ಇಪ್ಪತ್ತರ ಹುಡುಗನ ಕಳೆ.

ಮೊದಲ ಹೆಜ್ಜೆಗಳಷ್ಟೇ ಕೊನೆಯ ಹೆಜ್ಜೆಗಳನ್ನೂ ಆ ನೆಲ ಕಂಡಿದೆ. 1987ರ ಮಾರ್ಚ್‌ನಲ್ಲಿ ಪಾಕಿಸ್ತಾನದ ಎದುರು ಚೆಂಡು ಹುಚ್ಚಾಪಟ್ಟೆ ತಿರುಗುತ್ತಿದ್ದ ಪಿಚ್ಚಿನ ಮೇಲೆ ಗವಾಸ್ಕರ್ 96 ಹೊಡೆದದ್ದು ಅವರ ಕೊನೆಯ ಟೆಸ್ಟ್ ಇನ್ನಿಂಗ್ಸು. ಭಾರತ ಸೋತದ್ದು 16 ರನ್ನಿನಿಂದ. 1996ರ ಮಾರ್ಚ್ 9ರಂದು ವಿಶ್ವಕಪ್ ಕ್ವಾರ್ಟರ್ ಫೈನಲ್. ಬೌಂಡರಿ ಹೊಡೆದು ಕೈ ತೋರಿಸಿದ ಆಮೀರ್ ಸೊಹೈಲ್‌ನನ್ನು ಮರುಚೆಂಡಿಗೇ ವೆಂಕಟೇಶ್ ಪ್ರಸಾದ್ ಬೌಲ್ಡ್ ಮಾಡಿದ್ದು ಎಲ್ಲರಿಗೂ ಗೊತ್ತು. ಅದೇ ರಾತ್ರಿ ಜಾವೇದ್ ಮಿಯಾಂದಾದ್ ಕೊನೆಯ ಅಂತರರಾಷ್ಟ್ರೀಯ ಪಂದ್ಯ ಆಡಿ ಹೋದರು. 2008ರ ಏಪ್ರಿಲ್ 18ಕ್ಕೆ ಐಪಿಎಲ್ ಹುಟ್ಟಿದ್ದೂ ಇಲ್ಲೇ; ಮೆಕಲಮ್ 158 ಹೊಡೆದ ಆ ರಾತ್ರಿಯಿಂದ ಮೈದಾನದ ಲೆಕ್ಕವೇ ಬದಲಾಯಿತು. ರೇಡಿಯೊ ಮೂಲೆ ಸೇರಿತು. ನಮ್ಮ ತಲೆಮಾರಿಗೆ ಆ ಮೈದಾನ ಎಂದರೆ ಟಿವಿಯ, ಆಮೇಲೆ ಮೊಬೈಲಿನ ಪರದೆ. ದಾವಣಗೆರೆಯ ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಬೆನ್ನುಬೆನ್ನಿಗೆ ರಣಜಿ ಗೆದ್ದಾಗ, ಮೇಷ್ಟ್ರಿಗೆ ವಿಶ್ವನಾಥ್ ಸಿಕ್ಕ ಹಾಗೆ ನಮಗೂ ಒಬ್ಬ 'ನಮ್ಮ ಜಿಲ್ಲೆ ಹುಡುಗ' ಸಿಕ್ಕಿದ್ದ. ಇಬ್ಬರೂ ಹುಟ್ಟಿದ್ದು ಫೆಬ್ರವರಿ 12ರಂದೇ ಎಂದು ಹೇಳಿದಾಗ ಮೇಷ್ಟ್ರು ಅದನ್ನು ಚೀಟಿಯಲ್ಲಿ ಬರೆದುಕೊಂಡರು.

ಇಷ್ಟೇ ಬರೆದು ಮುಗಿಸಿದರೆ ಇದು ಸುಖದ ಪ್ರಬಂಧವಾಗುತ್ತಿತ್ತು. ಆದರೆ 2025ರ ಜೂನ್ 4 ಇದೆ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ 18 ವರ್ಷ ಕಾದು ಕಪ್ಪು ಗೆದ್ದಿತ್ತು. ಸುಮಾರು 35,000 ಜನ ಕೂರುವ ಮೈದಾನದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಎಳೆಯರು, ಬೇರೆ ಜಿಲ್ಲೆಗಳಿಂದ ಬಂದಿದ್ದವರೂ ಇದ್ದರು. ಜಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗನೂ ಅವತ್ತು ಬೆಳಗಿನ ರೈಲಿಗೆ ಹೋಗಿದ್ದ. ಸಂಜೆ ಐದರಿಂದ ರಾತ್ರಿ ಹತ್ತೂವರೆವರೆಗೆ ಅವನ ಫೋನು ಸ್ವಿಚ್ ಆಫ್. ಚಿಕ್ಕಮ್ಮ ಟಿವಿಯ ಮುಂದೆ ಕೂತು, ಆಸ್ಪತ್ರೆಯ ದೃಶ್ಯ ಬಂದಾಗಲೆಲ್ಲ ಎದ್ದು ಹತ್ತಿರ ಹೋಗಿ ಅಂಗಿಯ ಬಣ್ಣ ನೋಡುತ್ತಿದ್ದರು. ಎಲ್ಲ ಅಂಗಿಯೂ ಕೆಂಪೇ. ಕೊನೆಗೆ ಯಾರದೋ ಫೋನಿನಿಂದ ಅವನ ದನಿ ಬಂತು: "ಅಕ್ಕಾ, ಗೇಟಿನ ಹತ್ರಕ್ಕೂ ಹೋಗಕಾಗ್ಲಿಲ್ಲ. ಅದಕ್ಕೇ ಉಳ್ಕೊಂಡೆ." ಆ ವಾಕ್ಯದ ಎರಡನೇ ಭಾಗ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಸಂಗತಿ. ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ, ಭಾರಿ ಜನ ಸೇರುವ ಕಾರ್ಯಕ್ರಮಗಳಿಗೆ ಈ ಸ್ಟೇಡಿಯಂ ಸುರಕ್ಷಿತವಲ್ಲ, ಅಂಥವನ್ನು ಬೇರೆಡೆಗೆ ಒಯ್ಯಬೇಕು ಎಂದಿತು. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬೈಗೆ. ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಜನ ಕೂರುವ ಸ್ಟೇಡಿಯಂ ಕಟ್ಟುವ ಯೋಜನೆ ಮುಂದೆ ಬಂತು. ಹಳೆಯದನ್ನು ಸರಿಪಡಿಸಿ ಉಳಿಸಿಕೊಳ್ಳೋಣ ಎನ್ನುವವರೂ ಇದ್ದಾರೆ. ಆ ವಾದ ಏನೇ ಆಗಲಿ, ಮಗ್ಗುಲಲ್ಲಿ ಪಾರ್ಕು, ಎದುರಿಗೆ ಎಂ.ಜಿ. ರಸ್ತೆ, ಬೆನ್ನಿಗೆ ಬೆಳೆದ ಊರು ಇರುವ ಆ ಮೈದಾನ ಇನ್ನು ದೊಡ್ಡದಾಗುವಂತಿಲ್ಲ. 1969ರ ಬೆಂಗಳೂರಿಗೆ ಅಳತೆ ಹಾಕಿ ಹೊಲಿಸಿದ ಅಂಗಿ ಅದು.

ಮೈದಾನ ಬಿಟ್ಟುಹೋಗುವಾಗ ಬೇರೆಯವರು ಏನು ಮಾಡುತ್ತಾರೆ ಎಂದು ಹುಡುಕುವಾಗ ಅಮೆರಿಕದ ಡೆಟ್ರಾಯಿಟ್ ಸಿಕ್ಕಿತು. 1912ರಲ್ಲಿ ತೆರೆದ ಅಲ್ಲಿಯ ಬೇಸ್‌ಬಾಲ್ ಮೈದಾನ ಟೈಗರ್ ಸ್ಟೇಡಿಯಂನಲ್ಲಿ 1999ರ ಸೆಪ್ಟೆಂಬರ್ 27ರಂದು ಕೊನೆಯ ಪಂದ್ಯ ನಡೆಯಿತು. ಬ್ಯಾಟು ಹಿಡಿದವನು ನಿಲ್ಲುವ ಜಾಗದಲ್ಲಿ ನೆಲಕ್ಕೆ ಹೂಳಿರುವ ಬಿಳಿ ಫಲಕವನ್ನು ಅಗೆದು ತೆಗೆದು ಹೊಸ ಮೈದಾನಕ್ಕೆ ಒಯ್ದರು. ಹತ್ತು ವರ್ಷ ಹಳೆಯ ಕಟ್ಟಡ ಹಾಗೇ ನಿಂತಿತ್ತು, 2008-09ರಲ್ಲಿ ಕೆಡವಿದರು. ಬಯಲಾದ ನೆಲದಲ್ಲಿ ಕಳೆ ಬೆಳೆಯತೊಡಗಿದಾಗ ಹಳೆಯ ಅಭಿಮಾನಿಗಳೇ ತಮ್ಮ ತಮ್ಮ ಯಂತ್ರ ತಂದು ಹುಲ್ಲು ಕತ್ತರಿಸಿ, ವರ್ಷಗಟ್ಟಲೆ ಆ ನೆಲವನ್ನು ಆಡುವ ಸ್ಥಿತಿಯಲ್ಲಿಟ್ಟರು. ಓದಿ ಸಂತೋಷವಾಯಿತು. ನಮ್ಮಲ್ಲಿ ಹೀಗಾಗುತ್ತದೆಯೇ ಎಂದು ಚನ್ನಗಿರಿಯ ಹಿರಿಯರನ್ನು ಕೇಳಿದೆ.

ಅವರು ಉತ್ತರವಾಗಿ ಕಣದ ಮಾತು ತೆಗೆದರು. ಮೆಕ್ಕೆಜೋಳ, ಅಡಿಕೆ ಎಲ್ಲ ಕಡೆ ಹಬ್ಬುವ ಮೊದಲು ನಮ್ಮ ಈ ತಾಲ್ಲೂಕುಗಳಲ್ಲಿ ಸುಗ್ಗಿ ಬಂತೆಂದರೆ ಕಣ ಮಾಡುತ್ತಿದ್ದರು. ನೆಲ ಕೆತ್ತಿ, ನೀರು ಹೊಡೆದು, ತುಳಿದು ಗಟ್ಟಿ ಮಾಡಿ, ಸೆಗಣಿ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು ಎತ್ತು ಕಟ್ಟಿ ತುಳಿಸುವುದು. ಸುಗ್ಗಿ ಮುಗಿದ ಮೇಲೆ ಅದೇ ಗಟ್ಟಿ ನೆಲ ಹುಡುಗರ ಕ್ರಿಕೆಟ್ಟಿನ ಪಿಚ್ಚು. ಮಳೆ ಬಂದರೆ ಕಣವೂ ಇಲ್ಲ, ಪಿಚ್ಚೂ ಇಲ್ಲ. "ಕಣ ಬಿಡೋದಕ್ಕೆ ಯಾರೂ ಅಳ್ತಿರ್ಲಿಲ್ಲಮ್ಮ. ಆದ್ರೆ ರಾಶಿ ಪೂಜೆ ಆದ್ಮೇಲೆ ಬಡಿಗ, ಕಮ್ಮಾರ, ಅಗಸ, ಎಲ್ರ ಪಾಲೂ ಅಲ್ಲೇ ಅಳೆದು ಕೊಡ್ಬೇಕಿತ್ತು. ಪಾಲು ಕೊಡ್ದೆ ರಾಶಿ ಮನೆಗೆ ತಂದ್ರೆ ದಕ್ಕಲ್ಲ ಅನ್ನೋರು."

ಕೇಳಿದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಚಿನ್ನಸ್ವಾಮಿಯನ್ನು ಬಿಡುವುದಾದರೆ ಬಿಡೋಣ. ಬಿಡುವ ಮೊದಲು ಪಾಲು ಅಳೆದು ಕೊಡಬೇಕು. ಯಾರೂ ವಿದಾಯ ಹೇಳದ ಸೆಂಟ್ರಲ್ ಕಾಲೇಜಿನ ಮೈದಾನದ ಪಾಲು ಒಂದು. ಒಂದೂ ಟಿಕೆಟ್ಟು ಕೊಳ್ಳದೆ ಅರ್ಧ ಶತಮಾನ ಅಲ್ಲೇ ಕೂತಿದ್ದ ರೇಡಿಯೊ ಕೇಳುಗರ ಪಾಲು ಇನ್ನೊಂದು. ಎಲ್ಲಕ್ಕಿಂತ ಮೊದಲು, ಗೇಟಿನ ಹೊರಗೆ ಉಸಿರು ನಿಂತ 11 ಜನರ ಪಾಲು. ಮೈದಾನದ ಚರಿತ್ರೆ ಬರೆಯುವವರು ಪಿಚ್ಚಿನಿಂದ ಶುರುಮಾಡುತ್ತಾರೆ. ನಾನು ಬರೆಯುವ ದಿನ ಬಂದರೆ ಗೇಟಿನಿಂದ ಶುರುಮಾಡುತ್ತೇನೆ.

ಹೊರಡುವಾಗ ಹಿರಿಯರು, "ಹೊಸಾ ಸ್ಟೇಡಿಯಂ ಎಲ್ಲಮ್ಮ ಬರೋದು?" ಎಂದರು. ಬೊಮ್ಮಸಂದ್ರ ಎಂದೆ. ಆ ಹೆಸರನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿ, "ರೈಲು ಇಳಿದು ನಡ್ಕೊಂಡು ಹೋಗಕಾಗುತ್ತಾ?" ಎಂದು ಕೇಳಿದರು.