ಕೌದಿಯ ನಾಕು ಮೂಲಿ

ನಮ್ಮ ಕಡೆ ಕೌದಿ ಇಲ್ಲದ ಮನಿ ಸಿಗೂದು ಕಷ್ಟ. ಆದರ ಕೌದಿಯ ಇತಿಹಾಸ ಓದೋಣ ಅಂತ ಪುಸ್ತಕ ತಗದರ ರಾಜರದು, ಕ್ವಾಟಿದು ಬೇಕಾದಷ್ಟು ಸಿಗತೈತಿ. ಹರದ ಸೀರಿದು ಯಾರು ಬರೀಬೇಕು, ನಾವ ಬರೀಬೇಕು.

ಹಿಂದ ಅರಿವಿ ತುಟ್ಟಿ ಇತ್ತು. ಇಳಕಲ್ ಸೀರಿ ಉಟ್ಟು ಉಟ್ಟು ಜಾಳಾದರೂ ಚೆಲ್ಲತಿರಲಿಲ್ಲ. ಮೆತ್ತಗಾಗಿದ್ದು ಒಳಪದರಕ್ಕ, ಗಟ್ಟಿ ಉಳದ ದಡಿ ಸುತ್ತ ಅಂಚಿಗೆ, ಗುಳೇದಗುಡ್ಡದ ಖಣದ ಚೂರು ಮ್ಯಾಲೆ ಕಾಣೂ ಹಂಗ. ನನ್ನ ಹತ್ರ ಇರೂ ಕೌದಿಯೊಳಗ ನಮ್ಮ ಆಯಿಯ ಎರಡು ಸೀರಿ ಅದಾವ. ಆಕಿ ಹೆಸರಿನ ಹೊಲದ ಕಾಗದ ಒಂದೂ ಇಲ್ಲ, ಫೋಟೋ ಇಲ್ಲ. ಆಕಿ ಉಟ್ಟ ಬಣ್ಣ ಯಾವುದು ಅಂತ ನನ್ನ ಮಗಳಿಗೆ ತೋರಸಾಕ ಇದೊಂದ ಐತಿ.

ಇದೇ ಮಾತು ಇನ್ನೂ ಗಟ್ಟಿಯಾಗಿ ಅನಸೂದು ಸಿದ್ದಿ ಹೆಂಗಸರ ಕೌದಿ ನೋಡಿದಾಗ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಿನ ಹಳ್ಳ್ಯಾಗ ಇವರು ಅದಾರಲ್ಲ, ಇವರ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರು 16ನೇ ಶತಮಾನದಿಂದ ಹಡಗಿನಾಗ ಗುಲಾಮರನ್ನ ಗೋವಾಕ್ಕ ತಂದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಅದೇ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ 17ನೇ ಶತಮಾನದಾಗ ಬಿಜಾಪುರದ ಆದಿಲಶಾಹಿ ದರಬಾರಿನಾಗ ಮಂತ್ರಿ ಆಗಿದ್ದ, ಅವನ ಚಿತ್ರಾನೂ ಬರದಾರ. ಕಾಡಿಗೆ ಓಡಿ ಬಂದ ಹೆಣ್ಣಮಕ್ಕಳ ಚಿತ್ರ ಯಾರು ಬರದಾರ್ರಿ? ಸರಕಾರದ ಪರಿಶಿಷ್ಟ ಪಂಗಡದ ಪಟ್ಟ್ಯಾಗ ಈ ಸಿದ್ದಿಯರ ಹೆಸರು ಬಂದದ್ದೇ 2003ಕ್ಕ.

ಇವರು ಕೌದಿಗೆ ಕವಂದಿ ಅಂತಾರ. ಅಮೆರಿಕದಾಗ ಚೌಕ ಚೌಕ ತುಂಡು ಮೊದಲ ಜೋಡಿಸಿ, ಆಮ್ಯಾಲೆ ಪದರ ಕೂಡಿಸಿ ಹೊಲಿತಾರ. ಇಲ್ಲಿ ಹಂಗಿಲ್ಲ. ತಳಕ್ಕ ಒಂದು ಸೀರಿ ಹಾಸಿ, ಮೂಲಿಯಿಂದ ಸುರು ಮಾಡಿ, ತುಂಡಿನ ಅಂಚು ಒಳಗ ಮಡಚಿ ನೇರ ತಳಕ್ಕ ಹೊಲಕೋತ ಹೋಗೂದು. ಜೋಡಿಸೂದು, ಹೊಲಿಯೂದು ಎರಡೂ ಒಂದ ಸಲಕ್ಕ. ನಾಕೂ ಕಡೆಯಿಂದ ಸುತ್ತಿ ಸುತ್ತಿ ನಡಬರಕ ಬಂದು ಮುಗೀತೈತಿ. ಕಾಗದದ ಮ್ಯಾಲೆ ನಕ್ಷಿ ಬರಕೊಂಡು ಹೊಲಿಯೂದಲ್ಲ. ಕೈಗೆ ಯಾವ ಚೂರು ಬಂತೋ ಅದಕ್ಕ ಹೊಂದೂ ಮುಂದಿನ ಚೂರು. (ನಮ್ಮ ಒಗ್ಗರಣಿ ಲೆಕ್ಕಾನೂ ಹಿಂಗ ಅಲ್ಲೇನ್ರಿ?)

ಕಡೀಕ ನಾಕೂ ಮೂಲಿಗೆ ಸಣ್ಣ ಅರಿವಿ ಮಡಚಿ ಮೂರು ಮೂಲಿ ಮಾಡಿ ಹಚ್ಚತಾರ. ಅದಕ್ಕ ಫುಲ, ಅಂದ್ರ ಹೂವು ಅಂತಾರ. ಉಪಯೋಗ ನೋಡಿದರ ಏನೂ ಇಲ್ಲ, ಚಳಿ ತಡೆಯೂದಿಲ್ಲ. ಆದರ ಫುಲ ಇಲ್ಲದ ಕವಂದಿ ಬತ್ತಲೆ ಇದ್ದಂಗ ಅನ್ನೋದು ಅವರ ಮಾತು. ಬಡತನದಾಗೂ ಬರೇ ಉಪಯೋಗಕ್ಕ ಅಂತ ಹೊಲದವರಲ್ಲ ಇವರು. ಕ್ರಿಶ್ಚನ್ ಸಿದ್ದಿಯರ ಕೆಲವು ಕವಂದಿಯೊಳಗ ಶಿಲುಬಿ, ಮುಸಲ್ಮಾನರದರಾಗ ಚಂದ್ರನೂ ಕಾಣತಾವ.

2004ರಾಗ ಹೆನ್ರಿ ಡ್ರೂವಲ್ ಅನ್ನೋ ಅಮೆರಿಕದ ಕಲಾ ಇತಿಹಾಸದ ಪ್ರೊಫೆಸರ್ ಜೋಡಿ ಸೇರಿ ಸಿದ್ದಿ ಹೆಂಗಸರ ಸಹಕಾರ ಸಂಘಾನೂ ಆತು. ಇವರ ಕವಂದಿ ಈಗ ಪರದೇಶದ ಮ್ಯೂಸಿಯಮ್ಮಿನ ಗೋಡಿ ಮ್ಯಾಲೆ ಅದಾವ. ಚಲೋ ಆತು. ಆದರ ನಮ್ಮ ಮನ್ಯಾಗಿನವು? ಮಾರ್ಕೆಟ್ಟಿನ ಬ್ಲ್ಯಾಂಕೆಟ್ ಬಂದ ಮ್ಯಾಲೆ ಕೌದಿ ಸ್ಕೂಟರ್ ಒರಸಾಕ ಹೊಂಟಾವ. ಅಕ್ಕಾರ, ವೈನಿಯಾರ, ಹರಿಯೂದಕ್ಕಿಂತ ಮೊದಲ ಒಂದಿನ ಬಿಸಲಿಗೆ ಹಾಕ್ರಿ, ಮನಿ ಹಿರೇರನ್ನ ಬಾಜೂಕ ಕುಂದರಿಸಿಕೊಂಡು ಯಾವ ತುಂಡು ಯಾರ ಸೀರಿ ಅಂತ ಕೇಳ್ರಿ, ಬರದ ಇಡ್ರಿ. ನಮ್ಮ ಕೌದಿಯೊಳಗ ಇನ್ನೂ ಐದು ತುಂಡು ಯಾರವು ಅಂತ ಗೊತ್ತಾಗಿಲ್ಲ. ಹಸರು ಚೌಕಡಿದು ಸಣ್ಣವ್ವಂದು ಅಂತಾರ, ಆಕೀನ ಕೇಳಾಕ ಮುಂದಿನ ವಾರ ಹೊಂಟೇನಿ.