ಉಡುಪಿ–ಮುಂಬಯಿ: ಒಂದು ದೂರದ ಚರಿತ್ರೆ

ಭೂಪಟದ ಮೇಲೆ ಉಡುಪಿಗೂ ಮುಂಬಯಿಗೂ ನಡುವಿನ ಅಂತರ ಎಂದೂ ಬದಲಾದುದಿಲ್ಲ. ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ ಅದು ಏಳುನೂರು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಆದರೆ ಜನರ ಬಾಳಿನಲ್ಲಿ ಈ ಅಂತರ ಕಾಲಕಾಲಕ್ಕೆ ಕುಗ್ಗುತ್ತ ಬಂದಿದೆ. ಅದೂ ಎಲ್ಲರಿಗೂ ಏಕಕಾಲದಲ್ಲಿ ಅಲ್ಲ. ಯಾರ ಪಾಲಿಗೆ ಯಾವಾಗ ಕುಗ್ಗಿತು ಎಂಬುದೇ ಈ ದಾರಿಯ ನಿಜವಾದ ಚರಿತ್ರೆ.

ಕಾಪುವಿನ ಬಂಡೆಯ ಮೇಲೆ 1901ರಲ್ಲಿ ದೀಪಸ್ತಂಭ ಎದ್ದಾಗ ಕರಾವಳಿಯ ಹೆದ್ದಾರಿಯೆಂದರೆ ಕಡಲೇ. ಪತ್ತೆಮಾರಿಗಳು, ಅನಂತರ ಹೊಗೆಹಡಗುಗಳು, ಸರಕನ್ನೂ ಜನರನ್ನೂ ಹೊತ್ತು ತೀರದುದ್ದಕ್ಕೂ ಸಾಗುತ್ತಿದ್ದವು. ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಆ ಸಂಚಾರವೂ ನಿಲ್ಲುತ್ತಿತ್ತು. ನೆಲದ ಮೇಲೆ ಹೋಗುವುದಾದರೆ ನದಿಗೊಂದು ಕಡವು ದಾಟಬೇಕು. ಇಲ್ಲವೇ ಆಗುಂಬೆಯ ಘಟ್ಟವೇರಿ ಶಿವಮೊಗ್ಗದ ಕಡೆಯಿಂದ ರೈಲು ಹಿಡಿಯಬೇಕು. ಮಳೆಗಾಲದಲ್ಲಿ ಊರಿನ ತಾಯಿ ತೀರಿಕೊಂಡರೆ, ತಂತಿ ತಲುಪಿದ ಮಗ ಚಿತೆಯ ಹೊತ್ತಿಗೆ ಬರುವ ಮಾತೇ ಇರಲಿಲ್ಲ. ಬೊಜ್ಜಕ್ಕೆ ಮುಟ್ಟಿದರೆ ಅದೇ ಪುಣ್ಯ.

1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಬಂದ ಡಕೋಟಾ ವಿಮಾನ ಬಜಪೆಯ ಗುಡ್ಡದ ನೆತ್ತಿಯಲ್ಲಿ ಇಳಿಯಿತು. ನೆಲದ ದಾರಿ ಹಸನಾಗುವ ಮೊದಲೇ ಆಕಾಶದ ದಾರಿ ತೆರೆದುದು ಈ ನಾಡಿನ ಸೋಜಿಗ. ಇಂದು ಬಜಪೆಯಿಂದ ಮುಂಬಯಿಗೆ ಸುಮಾರು ಒಂದೂವರೆ ಗಂಟೆಯ ಹಾರಾಟ. ಆದರೆ ಮಾಟುಂಗದ ಹೋಟೆಲಿನಲ್ಲಿ ಹಗಲೆಲ್ಲ ಲೋಟ ತೊಳೆದು, ಇರುಳು ಕನ್ನಡದ ರಾತ್ರಿಶಾಲೆಯಲ್ಲಿ ಓದುತ್ತಿದ್ದ ಉಡುಪಿ, ಕಾರ್ಕಳದ ಹುಡುಗರಿಗೆ ಆ ವಿಮಾನ ತಲೆಯ ಮೇಲೆ ಕೇಳುವ ಸದ್ದು ಮಾತ್ರವಾಗಿತ್ತು. ಅವರ ಪಾಲಿಗೆ ಇದ್ದುದು ಹಗಲಿರುಳು ಕುಲುಕುವ ಬಸ್ಸು. ವರ್ಷಕ್ಕೊಮ್ಮೆ ಊರಿಗೆ ಬರುವುದೇ ಕಷ್ಟವೆನಿಸಿದವರು ಮುಂಬಯಿಯಲ್ಲೇ ಇನ್ನೊಂದು ತುಳುನಾಡನ್ನು ಕಟ್ಟಿಕೊಂಡರು. ಅಲ್ಲಿಯ ಸಂಘಗಳು, ಶಾಲೆಗಳು, ಯಕ್ಷಗಾನದ ಆಟಗಳು ಬೆಳೆದುದರಲ್ಲಿ ಈ ದೂರದ ಪಾಲೂ ಇದೆ. ಉಡುಪಿಯ ವ್ಯಾಸರಾಯ ಬಲ್ಲಾಳರು ಮುಂಬಯಿಯಲ್ಲೇ ನೆಲೆಸಿ ಕಾದಂಬರಿಕಾರರಾದುದನ್ನು ಸಾಹಿತ್ಯಪ್ರಿಯರು ಬಲ್ಲರು.

ಬಡವನ ದೂರ ಕುಗ್ಗಲು ಇನ್ನೂ ನಾಲ್ವತ್ತಾರು ವರ್ಷ ಬೇಕಾಯಿತು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರು ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಅದರ ಹೊಣೆ ಹೊತ್ತವರು ಇ. ಶ್ರೀಧರನ್. ರೈಲು 1993ರಲ್ಲಿ ಉಡುಪಿಗೆ ಬಂತು. 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು. ಕಲ್ಲು ಕೊರೆದು ತೊಂಬತ್ತಕ್ಕೂ ಹೆಚ್ಚು ಸುರಂಗ, ಸುಮಾರು ಎರಡು ಸಾವಿರ ಸೇತುವೆ. ಈ ಹಳಿಯ ಮೇಲೆ ಮುಂಬಯಿಗೆ ಓಡುವ ಒಂದು ಗಾಡಿಯ ಹೆಸರು ಮತ್ಸ್ಯಗಂಧಾ. ಮಹಾಭಾರತದಲ್ಲಿ ದೋಣಿ ನಡೆಸಿ ಜನರನ್ನು ಹೊಳೆ ದಾಟಿಸುತ್ತಿದ್ದವಳ ಹೆಸರು ಹೊಳೆಗಳ ನಾಡಿನ ಗಾಡಿಗೆ ಒಪ್ಪುವಂಥದೇ. ಮಧ್ಯಾಹ್ನದ ಮೇಲೆ ಹತ್ತಿದರೆ ಮರುದಿನ ಬೆಳಗಿಗೆ ಮುಂಬಯಿ. ಮಳೆಗಾಲದಲ್ಲಿ ಗಾಡಿ ಮೆಲ್ಲಗೆ ಸಾಗುತ್ತದೆ, ಆದರೂ ಸಾಗುತ್ತದೆ.

1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳಕ್ಕೆ ಇಂದಿಗೂ ರೈಲಿಲ್ಲ. ಮಣಿಪಾಲಕ್ಕೆ ಓದಲು ಬರುವ ವಿದ್ಯಾರ್ಥಿ ಬಜಪೆಯಲ್ಲಿ ಇಳಿದ ಮೇಲೂ ಗಂಟೆಗೂ ಮಿಕ್ಕಿ ರಸ್ತೆಯಲ್ಲಿ ಕಳೆಯಬೇಕು. ಹಾರಾಟದ ಲೆಕ್ಕದಲ್ಲಿ ಅದು ಸೇರುವುದಿಲ್ಲ. ವಿಮಾನ ಎಷ್ಟು ಹೊತ್ತಿಗೆ ತಲುಪುತ್ತದೆಂದು ವೇಳಾಪಟ್ಟಿ ಹೇಳೀತು. ಮಗ ಎಷ್ಟು ಹೊತ್ತಿಗೆ ಮನೆ ಮುಟ್ಟುತ್ತಾನೆಂದು ತಿಳಿಯಬೇಕಾದರೆ ಅವನ ಸಂಬಳವೆಷ್ಟು, ರಜೆ ಎಷ್ಟು ದಿನದ್ದು ಎಂಬುದನ್ನೂ ಕೇಳಬೇಕಾಗುತ್ತದೆ.